ಬರಂಗಿಲ್ಲ ಅನ್ನೋ ಹುಲಿ

ಉಂಡ ಮ್ಯಾಲೆ ಚಾಪಿ ಮ್ಯಾಲೆ ನಕ್ಷೆ.
ಮುದಗಲ್ಲು ಅದರಾಗ ಒಂದು ಜೀರಿಗಿ ಕಾಳು.
ಪಕೀರೇಶ ಅಲ್ಲಿಂದ ದಾರ ಹಿಡದು ಅಳೀತಾನ:
ಒಂದು ಗೇಣು ಬಂಡೀಪುರ,
ಅರ್ಧ ಗೇಣು ದಾಂಡೇಲಿ,
ತೆಂಕಣಕ್ಕ ಬಿಟ್ಟು ಮ್ಯಾಲಕ್ಕ ಹೊಂಟರ
ತಾಡೋಬಾನೂ ಒಂದ ಗೇಣು.
'ಅದು ಮಹಾರಾಷ್ಟ್ರ' ಅಂತಾಳ ಯಮನೂರಮ್ಮ.
'ಹುಲಿ ಏನು ಮರಾಠಿ ಮಾತಾಡತೈತೇನವ್ವ' ಅಂತಾಳ ಮಗಳು.

ನಾ ಲೆಕ್ಕ ಹಾಕೋದು ಡೀಸಲಿನಾಗ.
ಲಿಂಗಸುಗೂರಿಗೆ ದಿನಾ ನಾಕು ಟ್ರಿಪ್ಪು ಹೊಡಿಯೋ ಕ್ರೂಸರು
ಬಂಡೀಪುರ ಅಂದ ಕೂಡಲೇ
ಅಂಗಳದಾಗ ಕೆಮ್ಮಿದಂಗಾತು.
ಕಬಿನಿ ಕಡೆ ರೂಮಿನ ರೇಟು ನೋಡಿ
ಫೋನು ಬೋರಲು ಹಾಕಿದೆ:
ಒಂದು ರಾತ್ರಿಗೆ ಒಂದು ಕ್ಲಚ್ ಪ್ಲೇಟು,
ನಾಷ್ಟಾಕ್ಕ ಬ್ಯಾರೆ ಟೈರು.
ದಾಂಡೇಲಿ ಸಮೀಪ, ಕಾಡು ದಟ್ಟ.
ಆದರ ಹೋಗಿಬಂದ ಪಂಚರ್ ಅಂಗಡಿ ಲಾಲಸಾಬಗ
ಮೂರು ದಿನದಾಗ ಕಂಡದ್ದು
ಒಂದು ಮುಂಗಸಿ, ಎರಡು ಮಂಗಟ್ಟೆ ಹಕ್ಕಿ,
ಮಳಿ ನಿಂತ ರಸ್ತೆದಾಗ ಯಾವುದೋ ಹೆಜ್ಜಿ;
ನಾಯಿದೂ ಇರಬಹುದು ಅಂತಾನ.
ತಾಡೋಬಾದಾಗ ಬ್ಯಾಸಗಿಗೆ
ನೀರಿನ ಹೊಂಡಕ್ಕ ಬಂದೇ ಬರ್ತಾವಂತ ಹುಲಿ.
ರಾಯಚೂರಾಗ ಹತ್ತಬೇಕು,
ಸಿಕಂದರಾಬಾದಿನಾಗ ಇಳದು ಹತ್ತಬೇಕು,
ಬಲ್ಲಾರ್ಷಾದಾಗ ಇಳೀಬೇಕು,
ಆರು ಮಂದಿ, ಆರು ಆಧಾರು.
ಅವ್ವನ ಆಧಾರಿನಾಗ ಹುಟ್ಟಿದ ದಿನ ಜನವರಿ ಒಂದು.
ಅಪ್ಪಂದೂ ಜನವರಿ ಒಂದು.

ಅವ್ವನ ಹೆಸರು ಹುಲಿಗೆಮ್ಮ.
'ಕಮಲಾಪುರಕ್ಕ ನಡೀರಿ.
ರೊಟ್ಟಿ, ಶೇಂಗಾ ಹಿಂಡಿ ಕಟ್ಟತೀನಿ,
ಝೂ ನೋಡಿ, ಸಂಜಿಗೆ
ಎಮ್ಮಿ ಹಿಂಡೋ ಹೊತ್ತಿಗೆ ವಾಪಸ್ಸು.
ಅಲ್ಲಿ ಹುಲಿ ಕಂಡೇ ಕಾಣತೈತಿ, ರೊಕ್ಕ ದಂಡ ಇಲ್ಲ.'
ಪಕೀರೇಶನ ಮುಖ ಸಣ್ಣಗಾತು.
'ಅಲ್ಲಿ ಜಾಳಿಗಿ ಐತಿ ಆಯೀ.'
'ಇರಲಿ ಬಿಡೋ. ಇಲ್ಲಾಂದ್ರ ನಿನ್ನ ತಿಂತೈತಿ.'

ಅಪ್ಪ ಹುಸೇನಪ್ಪ, ಹರಕಿಗೆ ಹುಟ್ಟಿದವ,
ಅಲಾಯಿಗೆ ಮೂವತ್ತೊಂದು ವರ್ಷ ಹುಲಿ ಆದವ,
ಇಷ್ಟೊತ್ತೂ ಗ್ವಾಡಿಗೆ ಆತು ಕುಂತು
ಎಲಿ ತೊಟ್ಟು ಮುರೀತಿದ್ದ.
ಅವನ ಬೆನ್ನು ಈಗಲೂ ಶೇಂಗಾದ ಸಿಪ್ಪಿ:
ವರ್ಷಾ ಹಳದಿ ಪೇಂಟು,
ಬಿಡಿಸಾಕ ವರ್ಷಾ ಸೀಮೆಎಣ್ಣಿ.
ಸಣ್ಣಾವಿದ್ದಾಗ ಕರಿ ಪಟ್ಟಿ ಎಳೀತಿದ್ದವ ನಾನ,
ಬೆಂಕಿಪೊಟ್ಣದ ಮ್ಯಾಲಿನ ಹುಲಿ ನೋಡಿಕೋತ.
ಬಣ್ಣ ಸಾಲದಿದ್ದರ ಎರಡು ಪಟ್ಟಿ ಬಿಟ್ಟಬಿಡತಿದ್ದೆ.
'ಈ ಸಲ ಹುಲಿ ಸೊರಗೇತಿ' ಅಂತ ನಗೋರು ಮಂದಿ.

ಅಪ್ಪ ಕೇಳಿದ:
'ಎಲ್ಲ್ಯಾಗ ಹುಲಿ ಬರಂಗಿಲ್ಲ ಅಂತೈತಿ?'

ನಮಗ ತಿಳೀಲಿಲ್ಲ.

'ನನ್ನ ನಡಕ್ಕ ಹಗ್ಗ ಇತ್ತು, ಹಿಡಿಯಾಕ ಇಬ್ಬರು.
ಹತ್ತು ರೂಪಾಯಿ ನೆಲದಾಗಿಟ್ಟರ
ಬಾಯಿಲೆ ಎತ್ತಬೇಕು.
ಜ್ವರ ಬಂದರೂ ಕುಣೀಬೇಕು.
ಕೂಸು ಅಂಜಲಿ ಅಂತ ಮನೀ ಮುಂದ ಕರಿಯೋರು,
ಕೂಸು ಅಂಜಿತಂದ್ರ, ಸಾಕು ನಡಿ ಅನ್ನೋರು.
ಒಂದು ಸಲನೂ
ಬರಂಗಿಲ್ಲ ಅಂದವನಲ್ಲ ನಾನು.
ಬರಂಗಿಲ್ಲ ಅನ್ನೋ ಹುಲಿ ಇರತೈತಲ್ಲ,
ಅಂಥಾದ್ದಿರೋ ಕಡೆ ಹೋಗಾಮು.
ಕಾಣದಿದ್ದರ ಕಾಣದಿರಲಿ.'

ನಕ್ಷೆ ಮ್ಯಾಲಿನ ದಾರ ಸುಮ್ಮನಾತು.
'ಎರಡು ದಿನ ರೊಕ್ಕ ಕೊಟ್ಟು
ಗಿಡ ನೋಡಿ ಬರತೀಯೇನು'
ಅಂದಳು ಅವ್ವ.
ದನಿ ಮಾತ್ರ ಮೆತ್ತಗಿತ್ತು.

ಮಗಳು ದಾಂಡೇಲಿ ಬುಕ್ಕಿಂಗು ತಗದಳು.
ಜೀಪಿನಾಗ ಐದ ಸೀಟು ಖಾಲಿ. ನಾವು ಆರು.
'ಎಮ್ಮಿಗೆ ಯಾರರ ಇರಬೇಕಲ್ಲ' ಅಂತ
ಅವ್ವ ತನ್ನ ಹೆಸರು ತಾನ ಹೊಡೆದುಹಾಕಿದಳು.
ಅಪ್ಪ ಒಪ್ಪಲಿಲ್ಲ.
ಅವರಿಬ್ಬರೂ ಜಗಳಾಡೂತನ ಕಾಯದ ಫೋನು
ವ್ಯಾಳೆ ಮುಗೀತು,
ಮತ್ತ ಮೊದಲಿಂದ ತುಂಬರಿ ಅಂತು.

ಮಗಳು ಮೊದಲಿಂದ ತುಂಬಾಕತ್ತಳು:
ಹುಸೇನಪ್ಪ, ಗಂಡು, ಜನವರಿ ಒಂದು...

ಹೊರಗ ಕ್ರೂಸರಿನ ಕೆಳಗ ನಮ್ಮ ಹಳದಿ ಬೆಕ್ಕು.
ಪಕೀರೇಶ ಮೀನಿನ ಮುಳ್ಳು ಹಿಡದು ಕರದ,
ಮೊಣಕಾಲೂರಿ ಕರದ,
ಹಾಲಿನ ಬಟ್ಟಲು ತಂದಿಟ್ಟು ಕರದ.
ಎರಡು ಕಣ್ಣು ಹೊಳದವು,
ಅಷ್ಟ.